ತಬಲಾ ಇದೆ, ತಬಲಿಗ ಎಲ್ಲಿ?

ಕೋಪರಖೈರಣೆಯಲ್ಲಿ ಠಾಣೆ ಲೋಕಲ್ ಹತ್ತಿ ಸೀಟು ಸಿಕ್ಕಿತೇ? ಹಾಗಾದರೆ ಮೊಬೈಲಿನಲ್ಲಿ ‘ಯವನಿಕ’ ಶುರುಮಾಡಿ. ಯವನಿಕೆ ಅಂದರೆ ರಂಗದ ಪರದೆ. ಕನ್ನಡಕ್ಕೂ ಹಳೆಯ ಮಾತು.

1982ರ ಮಲಯಾಳಂ ಚಿತ್ರ. ನಿರ್ದೇಶಕ ಕೆ.ಜಿ. ಜಾರ್ಜ್, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಊರೂರು ಸುತ್ತುವ ನಾಟಕ ತಂಡದ ತಬಲಿಗ ಅಯ್ಯಪ್ಪನ್ ಕಾಣೆಯಾಗಿದ್ದಾನೆ. ಕುಡುಕ, ಕ್ರೂರಿ. ಆದರೂ ಬೆರಳು ತಬಲಾ ಮೇಲೆ ಬಿದ್ದರೆ ಸಾಕು, ಆ ಪಾತ್ರದ ಭರತ್ ಗೋಪಿಯಿಂದ ಕಣ್ಣು ಕೀಳಲಾಗದು.

ತನಿಖೆಗೆ ಬರುವವರು ಮಮ್ಮುಟ್ಟಿ. ಒಬ್ಬೊಬ್ಬರನ್ನೇ ಕೇಳುತ್ತಾ ಹೋದಂತೆ ಒಬ್ಬೊಬ್ಬರ ನೆನಪಿನಲ್ಲೂ ಅಯ್ಯಪ್ಪನ್ ಬೇರೆ ಬೇರೆ.

ಕನ್ನಡದಲ್ಲಿ 1978ರಲ್ಲೇ ಕಾಶೀನಾಥ್ ‘ಅಪರಿಚಿತ’ದಿಂದ ಕೊಲೆಯ ನಿಗೂಢ ಕಥೆಗೆ ರುಚಿ ಹತ್ತಿಸಿದ್ದರು. ಜಾರ್ಜ್ ಕಣ್ಣು ಮಾತ್ರ ಗುಟ್ಟಿಗಿಂತ ರೋಹಿಣಿಯ ಮೇಲೆ: ಬಡತನ ರಂಗಕ್ಕೆ ತಂದ, ಅಯ್ಯಪ್ಪನ್ ಹಿಡಿತಕ್ಕೆ ಸಿಕ್ಕ ಹುಡುಗಿ. ರೋಹಿಣಿಯಾಗಿ ಬಣ್ಣ ಹಚ್ಚಿ ನಿಂತ ಜಲಜಾ ಮುಖವನ್ನು ಒಮ್ಮೆ ಸರಿಯಾಗಿ ನೋಡಿ.