ಮನೆಯ ತಂತಿಯೂ ಕೇಬಲ್ ಟಿ.ವಿ.ಯೂ

ಹಳೆಯ ಮನೆಗೆ ಹೊಸದಾಗಿ ವಿದ್ಯುತ್ತಂತಿಯನ್ನೆಳೆಯಿಸುವ ಗೃಹಸ್ಥರು, ಗೋಡೆಗೆ ಗಾರೆ ಬಳಿಯುವ ಮುನ್ನವೇ ಕೇಬಲ್ ಟಿ.ವಿ.ಯ ವಿಷಯವನ್ನೂ ಆಲೋಚಿಸತಕ್ಕದ್ದೆಂದು ನಾವು ಬಿನ್ನವಿಸುತ್ತೇವೆ. ನಡುಮನೆಯ ತಂತಿಯನ್ನೇ ಕೋಣೆಯಿಂದ ಕೋಣೆಗೆ ಕವಲೊಡೆಯಿಸುತ್ತ ಹೋದರೆ, ಕಟ್ಟಕಡೆಯದಾದ ವೃದ್ಧರ ಕೋಣೆಯಲ್ಲಿ ಚಿತ್ರವು ಒಡೆದು ಕಾಣುವುದು. ಎರಡು ಕವಲಿನ ಸ್ಪ್ಲಿಟರಿನಲ್ಲಿ ಪ್ರತಿಯೊಂದು ಕವಲಿಗೂ ಸಂಕೇತದ ಅರ್ಧಕ್ಕಿಂತ ಕಡಮೆ ಬಲವೇ ದೊರೆಯುವುದಷ್ಟೆ! ಆದುದರಿಂದ ಪ್ರತಿ ಕೋಣೆಯಿಂದಲೂ ಆರ್‌ಜಿ-6 ತಂತಿಯನ್ನು ಬೇರೆಬೇರೆಯಾಗಿ ಒಂದೇ ಸ್ಥಳಕ್ಕೆ ತಂದು, ಅಲ್ಲಿ ಒಂದೇ ಸಲ ಹಂಚುವುದು ಯುಕ್ತ. ಬಳಸದ ಕವಲಿನ ಬಾಯಿಗೆ 75 ಓಮಿನ ಮುಚ್ಚಳವಿರಲಿ. ಡಿಜಿಟಲ್ ಪದ್ಧತಿಯಲ್ಲಿ ಟಿ.ವಿ.ಗೊಂದರಂತೆ ಸೆಟ್ ಟಾಪ್ ಬಾಕ್ಸೂ ಬೇಕು. ಅದರ ವೆಚ್ಚವನ್ನು ಮೊದಲೇ ಗಣಿಸಬೇಕು.

ವಿದ್ಯುತ್ತಿನ ಕೊಳವೆಯಲ್ಲಿ ಈ ತಂತಿಯನ್ನು ಸೇರಿಸುವುದು ಅಪಾಯಕರ. ಪ್ರತ್ಯೇಕವಾದ ಕೊಳವೆಯೇ ಬೇಕು. ಅದರೊಳಗೊಂದು ಗಟ್ಟಿ ದಾರವನ್ನು ಬಿಟ್ಟಿದ್ದರೆ, ಮುಂದೆ ಫೈಬರ್ ಎಳೆಯುವಾಗಲೂ ಗೋಡೆಯನ್ನೊಡೆಯುವ ಕಷ್ಟವು ತಪ್ಪುವುದು.