ಕಾರ್ಡು ಪೆಟ್ಟಿಗೆಯಲ್ಲಿದ್ದರೆ ಸಾಲದು

ಮನೆಯಲ್ಲಿ ಹಿರಿಯರಿದ್ದಾರೆ ಎಂದರೆ ಮಾತ್ರೆಯ ಡಬ್ಬಿಯೂ ಇದೆ ಎಂದೇ ಅರ್ಥ. ದೇವರ ಮನೆಯ ಗೂಡಿನಲ್ಲೋ, ಅಡುಗೆ ಮನೆಯ ಕಿಟಕಿಯ ಮೇಲೋ, ಅಜ್ಜಿಯ ದಿಂಬಿನ ಪಕ್ಕದಲ್ಲೋ ಅದು ಇದ್ದೇ ಇರುತ್ತದೆ. ಸಕ್ಕರೆ ಕಾಯಿಲೆಗೊಂದು, ರಕ್ತದೊತ್ತಡಕ್ಕೊಂದು, ಎದೆಗೆ ಇನ್ನೊಂದು, ಇವನ್ನೆಲ್ಲ ನುಂಗಿ ಹೊಟ್ಟೆ ಉರಿಯದಿರಲಿ ಅಂತ ಮತ್ತೊಂದು! ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿಂದಿನವರು ಹೇಳಿದ್ದು ಸುಳ್ಳಲ್ಲ. ಆದರೆ ಎಷ್ಟೇ ಪಥ್ಯದಲ್ಲಿದ್ದರೂ ವಯಸ್ಸಾದ ಮೇಲೆ ಬಂದು ಸೇರಿಕೊಳ್ಳುವ ಕೆಲವು ಕಾಯಿಲೆಗಳು ನೆಂಟರ ಹಾಗೆ ನಾಲ್ಕು ದಿನ ಇದ್ದು ಹೋಗುವಂಥವಲ್ಲ. ಮನೆಯವರೇ ಆಗಿ ಉಳಿದುಬಿಡುತ್ತವೆ.

ಇವುಗಳ ಖರ್ಚಿನ ಬಿಸಿ ಮೊದಲು ತಟ್ಟುವುದು ಸಂಸಾರ ತೂಗಿಸುವ ನಮಗೇ. "ಸರ್ಕಾರದ ಕಾರ್ಡಿದೆಯಲ್ಲ, ಇನ್ನೇನು ಚಿಂತೆ?" ಎಂದು ಗಂಡಸರು ಒಂದೇ ಮಾತಿನಲ್ಲಿ ಹೇಳಿ ಎದ್ದು ಹೋಗುತ್ತಾರೆ. ಕಾರ್ಡೇನೋ ಇದೆ. ಆದರೆ ಅದು ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರೋದಿಲ್ಲ ಅನ್ನುವುದು ಎಷ್ಟು ಮನೆಗಳಲ್ಲಿ ಗೊತ್ತು? ನಾನೇನೂ ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿ ತನಕ ಓದಿದ ಗೃಹಿಣಿ. ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆಯವರಿದ್ದಾರೆ. ಅವರಿಗಾಗಿ ಆಸ್ಪತ್ರೆ, ಕಚೇರಿ ಅಂತ ಓಡಾಡಿ, ಕೇಳಿ, ತಿಳಿದುಕೊಂಡದ್ದನ್ನು ನನ್ನಂಥ ಸೋದರಿಯರ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಕಂತಿಲ್ಲದ ವಿಮೆ

ನಮ್ಮ ರಾಜ್ಯದಲ್ಲಿ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ 'ಆಯುಷ್ಮಾನ್ ಭಾರತ್' ಬಂತು. ಅಕ್ಟೋಬರ್ ಕೊನೆಯ ಹೊತ್ತಿಗೆ ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಿದರು. ವಿಮೆ ಎಂದು ಜನ ಕರೆದರೂ ಇದಕ್ಕೆ ನಾವು ಕಂತು ಕಟ್ಟುವುದಿಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರ್ಕಾರಿ ಸಂಸ್ಥೆ ಆಸ್ಪತ್ರೆಗೆ ನೇರವಾಗಿ ಹಣ ಸಂದಾಯ ಮಾಡುತ್ತದೆ.

ಬಿ.ಪಿ.ಎಲ್. ರೇಷನ್ ಕಾರ್ಡಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಇದು ತಲೆಗೆ ಐದೈದು ಲಕ್ಷ ಅಲ್ಲ, ಇಡೀ ಕುಟುಂಬಕ್ಕೆ ಸೇರಿ ಐದು. ಮಾವನವರ ಹೃದಯದ ಆಪರೇಷನ್‌ಗೆ ಮೂರು ಲಕ್ಷ ಹೋಯಿತೆಂದರೆ ಆ ವರ್ಷ ಉಳಿದವರಿಗೆಲ್ಲ ಸೇರಿ ಇರುವುದು ಎರಡೇ ಲಕ್ಷ.

ಎ.ಪಿ.ಎಲ್. ಕುಟುಂಬದವರಿಗೆ ಲೆಕ್ಕ ಬೇರೆ. ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದಲ್ಲಿ ಶೇಕಡಾ 30 ಭಾಗ ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಚಿಕಿತ್ಸೆಯಾದರೆ ಸರ್ಕಾರದಿಂದ 30 ಸಾವಿರ, ನಮ್ಮ ಕೈಯಿಂದ 70 ಸಾವಿರ. "ಕಾರ್ಡಿದೆ" ಎಂದು ನಿಶ್ಚಿಂತೆಯಿಂದಿರುವ ಎಷ್ಟೋ ಎ.ಪಿ.ಎಲ್. ಮನೆಗಳಿಗೆ ಈ ಎಪ್ಪತ್ತು ಸಾವಿರದ ಸಂಗತಿ ತಿಳಿಯುವುದು ಬಿಲ್ಲು ಕೈಗೆ ಬಂದಾಗಲೇ!

ಹಿರಿಯರ ಮಟ್ಟಿಗೆ ಈ ಯೋಜನೆಯ ದೊಡ್ಡ ಗುಣ ಇನ್ನೊಂದಿದೆ. ಖಾಸಗಿ ಕಂಪನಿಯ ವಿಮೆ ತೆಗೆದುಕೊಂಡರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಿ ಬರಬಹುದು. ಇಲ್ಲಿ ಆ ತಕರಾರಿಲ್ಲ. ಇಪ್ಪತ್ತು ವರ್ಷದ ಹಳೆಯ ಸಕ್ಕರೆ ಕಾಯಿಲೆ ಇದ್ದರೂ ಕಾರ್ಡು ಮೊದಲ ದಿನದಿಂದಲೇ ನಡೆಯುತ್ತದೆ.

ಮಲಗಿದರೆ ಉಂಟು, ನಡೆದಾಡಿದರೆ ಇಲ್ಲ

ಈಗ ಮುಖ್ಯವಾದ ಮಾತಿಗೆ ಬರೋಣ. ಈ ಕಾರ್ಡು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ. ಆಪರೇಷನ್, ಹೃದಯಕ್ಕೆ ಸ್ಟೆಂಟ್, ಕ್ಯಾನ್ಸರ್ ಚಿಕಿತ್ಸೆ, ಮೂತ್ರಪಿಂಡ ಕೆಟ್ಟವರಿಗೆ ಮಾಡುವ ಡಯಾಲಿಸಿಸ್ ಇಂಥವು ಅದರಲ್ಲಿ ಸೇರಿವೆ. ಆದರೆ ಡಾಕ್ಟರಿಗೆ ತೋರಿಸಿಕೊಂಡು ಚೀಟಿ ಬರೆಸಿಕೊಂಡು ಮನೆಗೆ ಬರುವ ಹೊರರೋಗಿಯ ಖರ್ಚು, ದಿನಾ ನುಂಗುವ ಮಾತ್ರೆಯ ಖರ್ಚು ಇದರಲ್ಲಿ ಸೇರಿಲ್ಲ.

ವಯಸ್ಸಾದವರ ಕಾಯಿಲೆ ಎಂದರೆ ವರ್ಷದ 365 ದಿನವೂ ಮಾತ್ರೆಯದೇ ಕಥೆ ಅಲ್ಲವೇ?

ನಮ್ಮ ಕೇರಿಯಲ್ಲಿ ಹೂ ಕಟ್ಟಿ ಮಾರುವ ಅಜ್ಜಿಯೊಬ್ಬರಿದ್ದಾರೆ. ರಕ್ತದೊತ್ತಡ ಹೆಚ್ಚಿದೆಯೆಂದು ಡಾಕ್ಟರು ದಿನಾ ಮಾತ್ರೆ ತೆಗೆದುಕೊಳ್ಳಲು ಹೇಳಿದ್ದರು. ಕಾರ್ಡು ಬಂದ ಮೇಲೆ ಇನ್ನು ಎಲ್ಲವೂ ಪುಕ್ಕಟೆ ಎಂದುಕೊಂಡು ಅಜ್ಜಿ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮೆಡಿಕಲ್ ಶಾಪಿಗೆ ಹೋದರಂತೆ. ಅಲ್ಲಿನ ಹುಡುಗ, "ಅಜ್ಜೀ, ಇದು ಇಲ್ಲಿ ನಡೆಯೋಲ್ಲ, ದುಡ್ಡು ಕೊಡಿ" ಎಂದು ನಕ್ಕು ಕಳುಹಿಸಿದ. ನಾಲ್ಕು ಜನರೆದುರು ನಾಚಿಕೆಯಾಗಿ ಅಜ್ಜಿ ಆಮೇಲೆ ಯಾರನ್ನೂ ಕೇಳಲೇ ಇಲ್ಲ. ಮಗನಿಗೆ ಭಾರವಾಗಬಾರದು ಅಂತ ಒಂದು ಮಾತ್ರೆಯನ್ನು ಎರಡು ಮಾಡಿ ನುಂಗತೊಡಗಿದರು. ಕೆಲವು ದಿನ ಅದೂ ಇಲ್ಲ. "ಚೆನ್ನಾಗೇ ಇದೀನಲ್ಲ" ಎಂಬ ಸಮಾಧಾನ. ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಆಗ ಕಾರ್ಡು ಕೆಲಸ ಮಾಡಿತು, ಆಸ್ಪತ್ರೆಯವರು ಒಂದು ಪೈಸೆಯನ್ನೂ ಕೇಳಲಿಲ್ಲ. ಅಜ್ಜಿ ಬದುಕಿ ಮನೆಗೆ ಬಂದರು. ಆದರೆ ಹೂ ಕಟ್ಟುತ್ತಿದ್ದ ಬಲಗೈ ಮಾತ್ರ ಮತ್ತೆ ಸ್ವಾಧೀನಕ್ಕೆ ಬರಲಿಲ್ಲ. ಆ ಮಾತ್ರೆ ಅವರ ಮನೆಯಿಂದ ಮೂರು ಬೀದಿ ಆಚೆ, ಸರ್ಕಾರಿ ಆಸ್ಪತ್ರೆಯಲ್ಲಿ, ಸುಮ್ಮನೆ ಕೊಡುತ್ತಿದ್ದರು!

ಮನೆಯಲ್ಲಿ ಖರ್ಚು ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಹಿರಿಯ ಹೆಂಗಸಿನ ಮಾತ್ರೆಗೆ. ಕತ್ತರಿ ಹಾಕುವವಳೂ ಬಹಳ ಸಲ ಅವಳೇ. ಅದಕ್ಕೇ ಹೇಳುತ್ತೇನೆ, ಅತ್ತೆಯೋ ಅಮ್ಮನೋ "ನುಂಗಿದೆ" ಎಂದರೆ ಅಷ್ಟಕ್ಕೇ ಬಿಡಬೇಡಿ. ತಿಂಗಳಿಗೆ 30 ಮಾತ್ರೆ ತಂದಿದ್ದರೆ ತಿಂಗಳ ಕೊನೆಗೆ ಎಷ್ಟು ಉಳಿದಿವೆ ಎಂದು ಎಣಿಸಿ ನೋಡಿ. ಅನುಮಾನವಲ್ಲ, ಅಕ್ಕರೆ.

ದಿನದ ಮಾತ್ರೆಗೆ ಬೇರೆ ದಾರಿ

ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಕಾಯಿಲೆಗಳಿಗಾಗಿಯೇ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಅದರಡಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಎನ್.ಸಿ.ಡಿ. ಕ್ಲಿನಿಕ್ ಎಂಬ ವಿಭಾಗವಿರುತ್ತದೆ. ಬಾಗಿಲ ಮೇಲೆ ಈ ಮೂರಕ್ಷರದ ಬೋರ್ಡು ನೋಡಿ ನಮಗಲ್ಲವೆಂದು ಮುಂದೆ ಹೋಗಬೇಡಿ. ಒಳಗೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿ ಹೆಸರು ಬರೆದುಕೊಂಡು ಉಚಿತವಾಗಿ ಮಾತ್ರೆ ಕೊಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಈ ಮಾತ್ರೆಗಳಿರುತ್ತವೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಬಾಗಿಲಿಗೇ ಬಂದು ಪರೀಕ್ಷಿಸುವ ವ್ಯವಸ್ಥೆಯಾಯಿತು. ಅವರು ಬಂದಾಗ "ನಮ್ಮನೇಲಿ ಯಾರಿಗೂ ಏನೂ ಇಲ್ಲ" ಎಂದು ಬಾಗಿಲಲ್ಲೇ ಕಳುಹಿಸಬೇಡಿ, ಹಿರಿಯರನ್ನು ಕರೆದು ಕೂರಿಸಿ.

ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದ ಮಾತ್ರೆ ಇದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ. ಕಂಪನಿಯ ಹೆಸರಿಲ್ಲದ ಅದೇ ಔಷಧಿ ಅರ್ಧಕ್ಕಿಂತ ಕಡಿಮೆ ಬೆಲೆಗೂ ಸಿಗುವುದುಂಟು. ಆದರೆ ಮಾತ್ರೆ ಬದಲಾಯಿಸುವ ಮುಂಚೆ ಡಾಕ್ಟರಿಗೊಂದು ಮಾತು ಹೇಳಿ.

ಚೀಟಿ ಮೊದಲು, ದೊಡ್ಡಾಸ್ಪತ್ರೆ ಆಮೇಲೆ

ಇನ್ನೊಂದು ಕಡೆ ಜನ ಎಡವುವುದು ಶಿಫಾರಸು ಚೀಟಿಯ ವಿಷಯದಲ್ಲಿ. ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಆ ಚಿಕಿತ್ಸೆ ಅಲ್ಲಿ ಆಗುವುದಿಲ್ಲವೆಂದರೆ ಅವರೇ ಚೀಟಿ ಬರೆದುಕೊಡುತ್ತಾರೆ. ನಮ್ಮ ಬಳಗದಲ್ಲೊಬ್ಬರು ನೇರವಾಗಿ ಪಟ್ಟಣದ ಖಾಸಗಿ ಆಸ್ಪತ್ರೆಗೆ ಹೋದರು. ಚೀಟಿ ಇಲ್ಲವೆಂದು ಅಲ್ಲಿ ಮುಂಗಡ ಹಣ ಕಟ್ಟಿಸಿಕೊಂಡರು, ಇವರು ಎರಡು ಬಳೆ ಅಡವಿಟ್ಟರು. ನಾಲ್ಕು ದಿನ ತಡೆಯಬಹುದಾದ ಆಪರೇಷನ್ ಅದು. ಚೀಟಿ ತಂದಿದ್ದರೆ ಬಳೆ ಕೈಯಲ್ಲೇ ಇರುತ್ತಿದ್ದವು.

ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ ಈ ನಿಯಮವಿಲ್ಲ. ಎದೆನೋವು ಬಂತು, ಬಾಯಿ ಸೊಟ್ಟಗಾಯಿತು, ಮಾತು ತೊದಲಿತು ಎಂದರೆ ಚೀಟಿಗಾಗಿ ಕಾಯದೆ 108ಕ್ಕೆ ಫೋನು ಮಾಡಿ, ಕೂಡಲೇ ಹೊರಡಿ. ತಾಲ್ಲೂಕು ಆಸ್ಪತ್ರೆಯನ್ನೂ ಹಗುರವಾಗಿ ಕಾಣಬೇಡಿ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳುಹಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿದ್ದಾರೆ.

ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ. ಬಿಲ್ಲಿನ ಕೌಂಟರಿಗೆ ಹೋಗುವ ಮುಂಚೆ ಅವರನ್ನು ಕಾಣಿ. ಆಸ್ಪತ್ರೆಯಿಂದ ಬಿಟ್ಟ ಮೇಲೆ 15 ದಿನದ ಔಷಧಿಯೂ ಆಯುಷ್ಮಾನ್ ಯೋಜನೆಯ ನಿಯಮದಲ್ಲಿ ಸೇರಿದೆ, ಮರೆಯದೆ ಕೇಳಿ ಪಡೆಯಿರಿ. ಏನಾದರೂ ತೊಂದರೆಯಾದರೆ ಆರೋಗ್ಯ ಸಹಾಯವಾಣಿ 104 ಇದೆ, ಆಯುಷ್ಮಾನ್ ಯೋಜನೆಯದು 14555.

ಎಪ್ಪತ್ತು ದಾಟಿದವರಿಗೆ

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಎಪ್ಪತ್ತು ತುಂಬಿದ ಎಲ್ಲರಿಗೂ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿತು. ಇದಕ್ಕೆ 'ವಯ ವಂದನಾ' ಕಾರ್ಡು ಎನ್ನುತ್ತಾರೆ. ಬಡವರು, ಉಳ್ಳವರು ಎಂಬ ಭೇದವಿಲ್ಲ. ವಯಸ್ಸಿಗೆ ಆಧಾರ್ ಒಂದೇ ಸಾಕ್ಷಿ. ಮೊದಲೇ ಯೋಜನೆಯಲ್ಲಿರುವ ಮನೆಯ ಹಿರಿಯರಿಗೆ ಇನ್ನೂ 5 ಲಕ್ಷ ಪ್ರತ್ಯೇಕವಾಗಿರುತ್ತದೆ, ಎಪ್ಪತ್ತಕ್ಕಿಂತ ಚಿಕ್ಕವರು ಅದನ್ನು ಮುಟ್ಟುವಂತಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರಿಗೂ ಎಪ್ಪತ್ತು ದಾಟಿದ್ದರೆ ಆ ಐದು ಲಕ್ಷ ಇಬ್ಬರಿಗೂ ಸೇರಿದ್ದು. ಕೇಂದ್ರದ್ದೇ ಆದರೂ ಇಂಥ ಯೋಜನೆ ಜನರಿಗೆ ತಲುಪುವುದು ರಾಜ್ಯಗಳ ಮೂಲಕ. ಆದ್ದರಿಂದ ಟಿ.ವಿ.ಯಲ್ಲಿ ಕೇಳಿದ್ದನ್ನೇ ನಂಬಿ ಹೊರಡದೆ, ನಿಮ್ಮೂರ ಆಸ್ಪತ್ರೆಯಲ್ಲಿ ಯಾವ ಕಾರ್ಡು ನಡೆಯುತ್ತದೆ ಎಂದು ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ.

ಮಗ ಅಥವಾ ಮಗಳು ಕಾರ್ಖಾನೆಯಲ್ಲಿದ್ದು ಸಂಬಳದಲ್ಲಿ ಇ.ಎಸ್.ಐ. ಕಡಿತವಾಗುತ್ತಿದ್ದರೆ, ಅವರನ್ನೇ ನಂಬಿರುವ ತಂದೆತಾಯಿಗೂ ಆ ಸೌಲಭ್ಯ ಉಂಟು. ಅದು ದೊರೆತರೆ ಹೊರರೋಗಿಯ ಔಷಧಿಯೂ ಸಿಗುತ್ತದೆ.

ಕಾಗದಪತ್ರ ಸರಿಯಿದೆಯೇ?

ಕಾಯಿಲೆ ಬಂದ ದಿನ ಕಾಗದ ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಈ ನಾಲ್ಕು ಸಂಗತಿಗಳನ್ನು ಬಿಡುವಾಗಿ ಒಂದು ಮಧ್ಯಾಹ್ನ ಕೂತು ನೋಡಿಬಿಡಿ:

1. ಹಿರಿಯರ ಹೆಸರು ಯಾವ ರೇಷನ್ ಕಾರ್ಡಿನಲ್ಲಿದೆ? ಅಣ್ಣ ತಮ್ಮಂದಿರು ಬೇರೆಯಾದಾಗ ಅಮ್ಮನ ಹೆಸರು ಹಿರಿಯ ಮಗನ ಕಾರ್ಡಿನಲ್ಲಿ, ಅಮ್ಮ ಕಿರಿಯ ಮಗನ ಮನೆಯಲ್ಲಿ ಇರುವುದುಂಟು. ಇಬ್ಬರ ಕಾರ್ಡಿನಿಂದಲೂ ಬಿಟ್ಟುಹೋದ ಅಮ್ಮಂದಿರೂ ಇದ್ದಾರೆ!

2. ಆಧಾರ್‌ನಲ್ಲಿ, ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇದೆಯೇ? ಒಂದರಲ್ಲಿ 'ಲಕ್ಷ್ಮಮ್ಮ', ಇನ್ನೊಂದರಲ್ಲಿ 'ಲಕ್ಷ್ಮೀದೇವಮ್ಮ' ಎಂದಿದ್ದರೆ ಈಗಲೇ ತಿದ್ದಿಸಿ.

3. ಆಧಾರ್‌ಗೆ ಜೋಡಿಸಿದ ಮೊಬೈಲು ಯಾರ ಹತ್ತಿರ ಇದೆ? ಪಾತ್ರೆ ಉಜ್ಜಿ, ಬಟ್ಟೆ ಒಗೆದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗುವುದೇ ಇಲ್ಲ. ಆಗ ಮೊಬೈಲಿಗೆ ಬರುವ ಸಂಖ್ಯೆ ಬೇಕಾಗುತ್ತದೆ. ಆ ಮೊಬೈಲು ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿದ್ದರೆ ಏನು ಮಾಡುವುದು?

4. ಮಾತ್ರೆಗಳ ಹೆಸರು, ಹಳೆಯ ಪರೀಕ್ಷೆಯ ವರದಿ, ಕಾರ್ಡು, ಆಧಾರ್ ಎಲ್ಲ ಒಂದೇ ಚೀಲದಲ್ಲಿರಲಿ. ಆ ಚೀಲ ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಕಾರ್ಡು ಇನ್ನೂ ಆಗಿಲ್ಲದಿದ್ದರೆ ಆಧಾರ್, ರೇಷನ್ ಕಾರ್ಡು ಹಿಡಿದು ಹತ್ತಿರದ ಗ್ರಾಮ ಒನ್ ಅಥವಾ ಸರ್ಕಾರಿ ಆಸ್ಪತ್ರೆಗೆ ಹಿರಿಯರನ್ನು ಕರೆದೊಯ್ದು ಮಾಡಿಸಿ. ಕೇಳಲು ಯಾರೂ ಇಲ್ಲದ ಹಿರಿಯರು ನಿಮ್ಮ ಬೀದಿಯಲ್ಲಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ರ ಬಗ್ಗೆ ಅವರಿಗೆ ತಿಳಿಸಿ.

ಆಸ್ಪತ್ರೆಯ ಮಂಚದ ಖರ್ಚನ್ನು ಸರ್ಕಾರ ಕೊಟ್ಟೀತು. ಆ ಮಂಚದವರೆಗೆ ಹಿರಿಯರು ಹೋಗದಂತೆ ತಡೆಯುವುದು ದಿನದ ಒಂದು ಮಾತ್ರೆ, ಮತ್ತು ಅದನ್ನು ನುಂಗಿದರೋ ಇಲ್ಲವೋ ಎಂದು ಕೇಳುವ ಒಂದು ಜೀವ. ಕಾರ್ಡು ಚೀಲದಲ್ಲಿರಲಿ, ಮಾತ್ರೆ ತಪ್ಪದಿರಲಿ. ಇವೆರಡನ್ನೂ ಸರಿಯಾಗಿ ನೋಡಿಕೊಂಡರೆ, ಮುಪ್ಪಿನ ಕಾಯಿಲೆ ಮನೆಯಲ್ಲಿದ್ದರೂ ಮನೆಯ ನೆಮ್ಮದಿಯನ್ನು ಕಾಪಾಡಿಕೊಳ್ಳಬಹುದು.