ಅಂಗಾಲಿಗೆ ಕವಚ, ಮೀನಖಂಡ ಬಯಲು: ದಖ್ಖನಿನ ಕಾಲುರಕ್ಷೆಯನ್ನು ಕುರಿತು ಒಂದು ಟಿಪ್ಪಣಿ

ಹೊರನಾಡಿನಲ್ಲಿದ್ದು ಕನ್ನಡದ ಕೆಲಸದಲ್ಲಿ ತೊಡಗಿರುವವರು ಪುಣೆಗೆ ಬಂದರೆ ಸಾಮಾನ್ಯವಾಗಿ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವನ್ನೂ ಡೆಕ್ಕನ್ ಕಾಲೇಜನ್ನೂ ಕಂಡು ಹಿಂದಿರುಗುವುದು ವಾಡಿಕೆ. ನಾಸಿಕದ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 75 ಕಿಲೋಮೀಟರು ಮುಂದುವರಿದರೆ ಜುನ್ನರ ತಾಲ್ಲೂಕಿನ ನಾರಾಯಣಗಾಂವ ಸಿಗುತ್ತದೆ. ಕಬ್ಬು, ಟೊಮೇಟೊ, ದ್ರಾಕ್ಷಿಗಳ ಊರು. ಹಾವಿನ ವಿಷಕ್ಕೆ ಪ್ರತಿವಿಷವನ್ನು ತಯಾರಿಸುವ ಪ್ರೀಮಿಯಂ ಸೀರಮ್ಸ್ ಎಂಬ ಕಾರ್ಖಾನೆ ಇರುವುದು ಇಲ್ಲಿಯೇ. ಹಾವು ಕಡಿದವರ ಚಿಕಿತ್ಸೆಯಲ್ಲಿ ದಶಕಗಳನ್ನು ಕಳೆದು, ಹಳ್ಳಿಗಳಲ್ಲಿ ಎಚ್ಚರಿಕೆಯ ಮಾತನ್ನೂ ಹೇಳುತ್ತ ಬಂದಿರುವ ವೈದ್ಯ ಡಾ. ಸದಾನಂದ ರಾವುತರ ಆಸ್ಪತ್ರೆಯೂ ಇದೇ ಊರಿನದು. ಮದ್ದು, ವೈದ್ಯ, ಹಾವು ಮೂರೂ ಒಂದೆಡೆ ಇರುವ ಈ ಊರಿನ ಸುತ್ತಲ ಹೊಲಗಳಲ್ಲಿ ದುಡಿಯುವವರ ಕಾಲಿನಲ್ಲಿ ಮಾತ್ರ ತೆರೆದ ಚಪ್ಪಲಿ. ಎಷ್ಟೋ ಸಲ ಅದೂ ಇಲ್ಲ.

ಈ ನೋಟವೇ ಪ್ರಸ್ತುತ ಟಿಪ್ಪಣಿಗೆ ಪ್ರೇರಣೆ. ಮುಳ್ಳನ್ನೂ ಹಾವನ್ನೂ ಇಷ್ಟೊಂದು ಬಲ್ಲ ದಖ್ಖನಿನ ನೆಲದಲ್ಲಿ ಕಾಲಿನ ರಕ್ಷೆಯು ಅಂಗಾಲನ್ನು ಬಿಟ್ಟು ಮೇಲಕ್ಕೇರಲಿಲ್ಲವೇಕೆ ಎಂಬುದು ನಮ್ಮ ಪ್ರಶ್ನೆ. ಇದನ್ನು ನಾವು ಮೊದಲು ಮಾತಿನ ಕಡೆಯಿಂದ ನೋಡಬಯಸುತ್ತೇವೆ.

ಕಾಲಿಗೆ ಹಾಕುವ ವಸ್ತುವಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಹಳಗನ್ನಡದ ಕೆರ್ಪು, ನಡುಗನ್ನಡದ ಕೆರಹು, ಇಂದಿನ ಕೆರ ಇವು ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು ಎಂಬವುಗಳ ಒಡಹುಟ್ಟುಗಳು. ಅಂದರೆ ದ್ರಾವಿಡ ಮೂಲದಿಂದಲೇ ಬಂದ ಮಾತು. ಮೆಟ್ಟು ಎಂಬುದು ಮೆಟ್ಟುವ ಕ್ರಿಯೆಯಿಂದಲೇ ನೇರವಾಗಿ ಹುಟ್ಟಿದ್ದು. ಎಕ್ಕಡ, ಪಾದರಕ್ಷೆ, ಚಪ್ಪಲಿಗಳು ಎಲ್ಲರಿಗೂ ತಿಳಿದವು. ಮರದ ಹಾವುಗೆಗೂ ಹಾವಿಗೂ ನಂಟಿಲ್ಲವೆಂಬುದನ್ನು ಹೊಸಬರಿಗಾಗಿ ಹೇಳಬೇಕು: ಒಂದು ಪಾದುಕೆಯಿಂದ ಬಂದ ಪಾವುಗೆ, ಇನ್ನೊಂದು ಪಾವು, ಪಕಾರವು ಹಕಾರವಾದಾಗ ಎರಡೂ ಒಂದೇ ದನಿಯವಾದವು, ಅಷ್ಟೆ. ಮರಾಠಿಯ ಕಡೆ ತಿರುಗಿದರೆ, ಸಂಸ್ಕೃತದ ಉಪಾನಹದಿಂದ ವಹಾಣ, ಪಾದತ್ರಾಣದಿಂದ ಪಾಯತಾಣ. ಬೆಳಗಾವಿ, ವಿಜಯಪುರಗಳ ಕನ್ನಡಿಗರು ಜೋಡು ಎನ್ನುತ್ತಾರೆ, ಮರಾಠಿಗರು ಜೋಡಾ ಎನ್ನುತ್ತಾರೆ. ಈ ಜೋಡು ಎಂಬ ಮಾತಿನ ಹಿಂದಿನ ಅರ್ಥ ಗಮನಾರ್ಹವಾದುದು. ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ಜೋಡು ಎಂದರೆ ಯೋಧನ ಮೈಗವಚ. ಕವಚಕ್ಕೂ ಕೆರಕ್ಕೂ ಒಂದೇ ಹೆಸರು ಸಂದಿರುವಾಗ, ಮೆಟ್ಟನ್ನು ಜನ ಅಲಂಕಾರವೆಂದಲ್ಲ, ಆಯುಧಸಾಮಗ್ರಿಯೆಂದೇ ಕಂಡಿರಬೇಕೆಂದು ಊಹಿಸಲು ಮನಸ್ಸಾಗುತ್ತದೆ. ಜೋಡಿ ಎಂಬರ್ಥವೂ ಆ ಮಾತಿಗೆ ಇರುವುದರಿಂದ ಈ ಊಹೆಯನ್ನು ನಾವು ಹೆಚ್ಚು ಎಳೆಯುವುದಿಲ್ಲ.

ಪಾದದ ಹರಡಿನಿಂದ ಮೇಲಕ್ಕೆ ಬಂದೊಡನೆ ಚಿತ್ರ ಬದಲಾಗುತ್ತದೆ. ಹರಡು, ಕಣಕಾಲು, ಮೀನಖಂಡ ಎಂದು ಅಂಗಗಳಿಗೆ ಹೆಸರುಗಳುಂಟು. ಆ ಭಾಗದ ಒಡವೆಗಳಿಗಂತೂ ಲೆಕ್ಕವಿಲ್ಲ: ಅಂದುಗೆ, ಗೆಜ್ಜೆ, ಕಡಗ, ಪೈಜಣ, ವೀರನ ಪೆಂಡೆಯ. ಆದರೆ ಅದನ್ನು ಮುಳ್ಳಿನಿಂದಲೋ ಹಲ್ಲಿನಿಂದಲೋ ಕಾಯುವ ಉಡುಗೆಗೆ ಒಕ್ಕಲಿಗನ ಬಾಯಲ್ಲಿ ನಿಂತ ದೇಸಿ ಪದವೊಂದು ನಮ್ಮ ಹುಡುಕಾಟಕ್ಕೆ ಸಿಕ್ಕಿಲ್ಲ. ಸಂಸ್ಕೃತ ಕೋಶಗಳಲ್ಲಿ ಜಂಘಾತ್ರಾಣವಿದೆ. ಅದು ಕಾಳಗಕ್ಕೆ ಹೊರಟವನದು, ಕಳೆ ಕೀಳಲು ಹೊರಟವಳದಲ್ಲ. ಚಲ್ಲಣವೂ ಭಟರ ಉಡುಪೇ. ಪಟ್ಟಿಯೆಂಬುದೊಂದು ಉಂಟು. ಹಿಂದಿಯ ಈ ಮಾತನ್ನು ಇಂಗ್ಲಿಷರು ತಮ್ಮ ಸೈನ್ಯಕ್ಕೆ ಕೊಂಡೊಯ್ದು, ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಸಿಪಾಯಿಗಳ ಕಾಲಿಗೆ ಸುತ್ತಿಸಿದರು. ಮುಂದೆ ನಮ್ಮ ಪೊಲೀಸರ ಕಾಲಿನಲ್ಲಿಯೂ ಅದು ಬಹುಕಾಲ ಉಳಿಯಿತು. ಪುಣೆಯಂಥ ದಂಡಿನ ಊರು ಇದನ್ನು ದಿನವೂ ಕಂಡಿದ್ದರೂ ಪಟ್ಟಿಯು ದಂಡಿನ ಎಲ್ಲೆಯನ್ನು ದಾಟಿ ಹೊಲಕ್ಕೆ ಇಳಿಯಲಿಲ್ಲ.

ಇನ್ನು ಗ್ರಂಥಗಳ ಸಾಕ್ಷ್ಯ. ಮಹಾಭಾರತದ ಅನುಶಾಸನ ಪರ್ವದಲ್ಲಿ ಕೊಡೆ ಮತ್ತು ಕೆರಗಳ ಹುಟ್ಟಿನ ಕಥೆಯಿದೆ. ಜಮದಗ್ನಿ ಎಸೆದ ಬಾಣಗಳನ್ನು ಆಯ್ದು ತರುತ್ತಿದ್ದ ರೇಣುಕೆಯ ತಲೆಯೂ ಅಂಗಾಲೂ ಬಿಸಿಲಿಗೆ ಬೆಂದವು. ಋಷಿ ಸೂರ್ಯನ ಮೇಲೆ ಕೋಪಿಸಿಕೊಂಡಾಗ ಸೂರ್ಯನು ಕೊಡೆಯನ್ನೂ ಮೆಟ್ಟನ್ನೂ ಕೊಟ್ಟು ಶಾಂತಗೊಳಿಸಿದನು. ಸವದತ್ತಿಯ ಎಲ್ಲಮ್ಮನಲ್ಲಿ ರೇಣುಕೆಯನ್ನು ಕಾಣುವ ನಮಗೆ ಈ ಕಥೆ ಹತ್ತಿರದ್ದು. ಇಲ್ಲಿ ಭಯವಿರುವುದು ಬಿಸಿಲಿನದು. ಹಾವಿನ ಮಾತಿಲ್ಲ, ಮುಳ್ಳಿನ ಮಾತಿಲ್ಲ.

ನೆಲದ ಮಾತು ಬರುವುದು ಬೌದ್ಧರ ವಿನಯಪಿಟಕದಲ್ಲಿ. ಮಹಾವಗ್ಗದ ಚರ್ಮವಿಷಯಕ ಅಧ್ಯಾಯದಲ್ಲಿ ಸೋಣ ಕುಟಿಕಣ್ಣನೆಂಬ ಭಿಕ್ಷುವು ತನ್ನ ಗುರು ಮಹಾಕಚ್ಚಾನನ ಪರವಾಗಿ ಬುದ್ಧನಲ್ಲಿಗೆ ಹೋಗಿ ಕೆಲವು ವಿನಾಯಿತಿಗಳನ್ನು ಬೇಡುತ್ತಾನೆ. ಅವುಗಳಲ್ಲೊಂದು ಮೆಟ್ಟಿಗೆ ಸಂಬಂಧಿಸಿದುದು. ಅವಂತಿ ಮತ್ತು ದಕ್ಷಿಣಾಪಥದ ನೆಲ ಮೇಲೆಲ್ಲ ಕಪ್ಪು, ಗಡಸು, ಗೋಕಂಟಕದಿಂದ ಹದಗೆಟ್ಟದ್ದು. ಆದಕಾರಣ ಒಂದೇ ಪದರಿನ ಬದಲು ಹಲವು ಪದರಿನ ಕೆರವನ್ನು ತೊಡಲು ಅನುಮತಿ ಬೇಕು ಎಂಬುದು ಬೇಡಿಕೆಯ ಸಾರ. ಅನುಮತಿ ದೊರೆಯಿತು. ಎರೆಯ ಹೊಲವನ್ನು ಬೇಸಗೆಯಲ್ಲಿ ತುಳಿದವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಡ. ಗೋಕಂಟಕವೆಂದರೆ ದನದ ಗೊರಸಿನ ತುಳಿತವೆಂದು ಅರ್ಥ ಹೇಳುವುದು ರೂಢಿ. ಆದರೆ ಸಂಸ್ಕೃತ ಕೋಶಗಳಲ್ಲಿ ಅದು ನೆಗ್ಗಿಲುಮುಳ್ಳಿನ ಹೆಸರೂ ಹೌದು. ಗೊರಸಿನ ಗುರುತೋ ನೆಗ್ಗಿಲಿನ ಕಾಯೋ, ಅಂಗಾಲಿಗೆ ಎರಡೂ ಒಂದೇ. ಜುನ್ನರ, ಕಾರ್ಲೆ, ಭಾಜೆಗಳ ಲೇಣಗಳಿಗೆ ಮುಂದೆ ನಡೆದು ಬಂದ ಭಿಕ್ಷುಗಳು ಈ ವಿನಾಯಿತಿಯ ಫಲವನ್ನು ಉಂಡವರೆಂದು ಭಾವಿಸಬಹುದು. ಇಲ್ಲಿಯೂ ಹೆಚ್ಚಿದ್ದು ಅಡಿಯ ಪದರು ಮಾತ್ರ.

ಮುಳ್ಳಿಗೂ ಮೆಟ್ಟಿಗೂ ಇರುವ ನಂಟು ಇನ್ನೂ ಕೆಲವು ಬಗೆಯಲ್ಲಿ ಮಾತಿನಲ್ಲಿ ಉಳಿದಿದೆ. ಅಮೆರಿಕದಿಂದ ಬಂದ ಮುಳ್ಳುಗಳ್ಳಿಯನ್ನು ನಾವು ಪಾಪಾಸುಕಳ್ಳಿ ಎಂದೆವು. ಪಾಪಾಸು ಎಂಬುದು ಕಾಲಿನ ಹೊದಿಕೆ ಎಂಬರ್ಥದ ಪಾರಸಿಯ ಪಾಪೋಶ್. ತಮಿಳರು ಪೋರ್ಚುಗೀಸರ ಸಪಾತುವನ್ನು ಹಿಡಿದು ಸಪ್ಪಾತ್ತಿಕ್ಕಳ್ಳಿ ಎಂದರು. ಅದರ ಎಲೆಯಂಥ ದಿಂಡು ಎರಡೂ ನಾಡಿನವರಿಗೆ ಚಪ್ಪಲಿಯಂತೆ ಕಂಡಿತು. ಯಾವುದರಿಂದ ಕಾಲನ್ನು ಕಾಯಬೇಕೋ ಅದಕ್ಕೇ ಕಾಲುಡುಗೆಯ ಹೆಸರು. ಜಾಲಿಯ ವಿಷಯವಂತೂ ಇದಕ್ಕಿಂತ ಸೊಗಸಾದುದು. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯ ಚರ್ಮವನ್ನು ಸಾಂಪ್ರದಾಯಿಕವಾಗಿ ಹದ ಮಾಡುತ್ತಿದ್ದುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ. ಯಾವ ಮರದ ಮುಳ್ಳು ಕುರುಬನ ಅಂಗಾಲನ್ನು ಚುಚ್ಚುವುದೋ ಅದೇ ಮರದ ತೊಗಟೆ ಆ ಮುಳ್ಳನ್ನು ತಡೆಯುವ ಎಮ್ಮೆಯ ತೊಗಲನ್ನು ಗಟ್ಟಿ ಮಾಡುತ್ತದೆ. ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿದ ಈ ಮೆಟ್ಟಿನ ಕೆಲವು ಬಗೆಗಳಲ್ಲಿ ಎರಡೂ ಬದಿಗೆ ಕಿವಿಗಳಿರುತ್ತವೆ. ಪಾದದ ಮಗ್ಗುಲನ್ನು ಅವು ತುಸು ಮರೆಮಾಡುತ್ತವೆ. ಈ ಪರಂಪರೆಯಲ್ಲಿ ರಕ್ಷೆಯು ಮೇಲಕ್ಕೆ ಏರಿದ ಗರಿಷ್ಠ ಎತ್ತರ ಅದೇ ಎನ್ನಬೇಕು. ನಡೆಯುವಾಗ ಕರಕರ ಸದ್ದಾಗುವಂತೆ ಮಾಡಿದ ಮೆಟ್ಟುಗಳೂ ಉಂಟು. ಆ ಸದ್ದಿಗೆ ಹಾವು ಸರಿಯುತ್ತದೆಂದು ಹೇಳುವವರಿದ್ದಾರೆ. ಹಾವು ಗ್ರಹಿಸುವುದು ಮುಖ್ಯವಾಗಿ ನೆಲದ ಅದುರನ್ನು. ಭಾರವಾದ ಮೆಟ್ಟಿನ ಹೆಜ್ಜೆಗೆ ನಾಗರಹಾವು ಸರಿದೀತು, ತರಗೆಲೆಯಲ್ಲಿ ಸುರುಳಿ ಸುತ್ತಿಕೊಂಡ ಕೊಳಕುಮಂಡಲ ಕದಲದೆ ಅಲ್ಲಿಯೇ ಇರುವುದು ಹೆಚ್ಚು.

ಈ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತಿನ ಮಾನ್ಯತೆಯು ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿದ್ದು: ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಒಂದು ಕಡೆ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇನ್ನೊಂದು ಕಡೆ. ಅಥಣಿ, ನಿಪ್ಪಾಣಿಗಳ ಸಮಗಾರರು ಹೊಲಿದದ್ದು ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾಗುವುದು ಹಳೆಯ ಸಂಗತಿ. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದೇ ಮಾದರಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಮೂಲದ ಹೆಸರಿಲ್ಲದೆ ತೋರಿಸಿದಾಗ ದೊಡ್ಡ ಗದ್ದಲವೆದ್ದಿತು. ಗದ್ದಲ ನ್ಯಾಯವಾದುದೇ. ಆದರೆ ಇದೇ ಮೆಟ್ಟನ್ನು ಹೊಲಿದವರು ಇದನ್ನು ತೊಟ್ಟು ತಮ್ಮದೇ ಊರಿನ ಬೀದಿಯಲ್ಲಿ ನಡೆಯಲಾರದಿದ್ದ ಕಾಲದ ಬಗ್ಗೆ ಅಷ್ಟು ಸದ್ದು ಎಂದೂ ಏಳಲಿಲ್ಲ. ಮೇಲ್ಜಾತಿಯವರ ಮನೆಯ ಮುಂದೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹೋಗಬೇಕೆಂಬ ಕಟ್ಟಳೆ ಗಡಿಯ ಎರಡೂ ಕಡೆಯ ಹಳ್ಳಿಗಳಲ್ಲಿ ಇತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಐತಿಹ್ಯವನ್ನು ಭಕ್ತಿಯ ಪರಾಕಾಷ್ಠೆಯೆಂದು ವಿವರಿಸುತ್ತ ಬಂದಿದ್ದೇವೆ. ಕಾಲಿನ ಚರ್ಮವು ಇನ್ನೊಬ್ಬರ ಕಾಲಿನ ರಕ್ಷೆಯಾಗುವ ಆ ಚಿತ್ರದಲ್ಲಿ ಸಮಗಾರನ ಸ್ವಂತ ಕಾಲು ಹೇಗಿತ್ತೆಂದು ಯಾರೂ ಕೇಳಿದಂತಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಮೂಲ ಪ್ರಶ್ನೆಗೆ ಉತ್ತರದ ಒಂದು ತುಣುಕು ಇಲ್ಲಿದೆ. ಮೆಟ್ಟು ಮಾನದ ವಸ್ತುವಾಯಿತು. ಆದ್ದರಿಂದ ದೇವಸ್ಥಾನದ ಮುಂದೆ, ಕಣದಲ್ಲಿ, ದೊಡ್ಡವರ ಎದುರು ಕ್ಷಣದಲ್ಲಿ ಕಳಚುವಂತಿರಬೇಕಾಯಿತು. ಮೊಣಕಾಲಿನವರೆಗೆ ಬಿಗಿದ ರಕ್ಷೆ ಹಾಗೆ ಕಳಚುವಂಥದಲ್ಲ. ಬಿಸಿಲು, ಕೆಸರು, ಬಡತನ ಇವೂ ಕಾರಣಗಳೇ. ಬಡತನವೊಂದನ್ನೇ ಹೇಳಿ ಮುಗಿಸುವುದು ಸುಲಭ, ಸಾಲದು.

ಪಣಕ್ಕಿರುವುದು ಏನೆಂಬುದನ್ನು ಅಂಕಿಗಳು ಹೇಳುತ್ತವೆ. 2020ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಅವುಗಳಲ್ಲಿ ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದವು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಮರುತಿಂಗಳು ಕೇಂದ್ರದ ಕ್ರಿಯಾಯೋಜನೆ ಬಂದಿತು, 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯೊಡನೆ. ಹೊಲದಲ್ಲಿ ಆಗುವ ಕಡಿತಗಳಲ್ಲಿ ಬಹುಪಾಲು ಮೊಣಕಾಲಿನ ಕೆಳಗೆ ಬೀಳುತ್ತವೆ, ಅಂದರೆ ನಮ್ಮ ಭಾಷೆ ರಕ್ಷೆಯ ಹೆಸರನ್ನೇ ಇಡದ ಜಾಗದಲ್ಲಿ.

ಇಲ್ಲಿ ಹಾವುಗಳ ಭೇದವನ್ನು ತಿಳಿಯುವುದು ಅಗತ್ಯ. ಉರಿಮಂಡಲದ (ಮರಾಠಿಯ ಫುರಸೆ) ವಿಷದ ಹಲ್ಲು ಅರ್ಧ ಸೆಂಟಿಮೀಟರಿನ ಆಸುಪಾಸಿನದು. ಸಾಧಾರಣ ಮುಚ್ಚಿದ ಬೂಟೇ ಅದಕ್ಕೆ ಸಾಕು. ನಾಗರಹಾವಿನದು ಒಂದು ಸೆಂಟಿಮೀಟರಿಗೂ ಕಡಮೆ. ಕೊಳಕುಮಂಡಲದ (ಮರಾಠಿಯ ಘೋಣಸ) ಹಲ್ಲು ಒಂದೂವರೆ ಸೆಂಟಿಮೀಟರನ್ನು ಮುಟ್ಟಬಹುದು; ಅದಕ್ಕೆ ದಪ್ಪ ರಬ್ಬರೋ ತೊಗಲೋ ಬೇಕು. ಕಟ್ಟುಹಾವಿನ ಮುಂದೆ ಯಾವ ಕಾಲುಡುಗೆಯೂ ಉಪಯೋಗವಿಲ್ಲ, ಏಕೆಂದರೆ ಅದು ಕಡಿಯುವುದು ಹೆಚ್ಚಾಗಿ ಇರುಳಿನಲ್ಲಿ, ನೆಲದ ಮೇಲೆ ಮಲಗಿದವರನ್ನು. ಅಲ್ಲಿ ಕಾಯುವುದು ಮಂಚ ಮತ್ತು ಹಾಸಿಗೆಯ ಅಡಿಗೆ ಸಿಕ್ಕಿಸಿದ ಸೊಳ್ಳೆಪರದೆ. ಆದರೆ ಪೂರ್ಣ ತಡೆ ಸಾಧ್ಯವಾಗದಿದ್ದರೂ ಅಲ್ಪ ತಡೆ ವ್ಯರ್ಥವಲ್ಲವೆಂಬುದಕ್ಕೆ ಆಧಾರವಿದೆ. ಕ್ಯಾಲಿಫೋರ್ನಿಯದ ಗಿಲಕಿಹಾವುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೃತಕ ಅಂಗಕ್ಕೆ ಜೀನ್ಸ್ ಬಟ್ಟೆಯನ್ನು ಹೊದಿಸಿದಾಗ ಒಳಸೇರಿದ ವಿಷ ಸುಮಾರು ಮೂರನೆಯ ಎರಡು ಪಾಲಿನಷ್ಟು ಕಡಮೆಯಾಯಿತು. ಹಲ್ಲು ಬಟ್ಟೆಯನ್ನು ತೂರಿದರೂ ವಿಷದ ಬಹುಭಾಗ ಹೊರಗೇ ಚೆಲ್ಲಿತ್ತು. ಆ ಹಾವು ಬೇರೆ, ನಮ್ಮದು ಬೇರೆ, ನಿಜ; ಮಂಡಲದ ಹಾವುಗಳೂ ಗಿಲಕಿಹಾವುಗಳೂ ಒಂದೇ ಕುಟುಂಬದವೆಂಬುದನ್ನು ಮರೆಯುವಂತಿಲ್ಲ.

ಮೊಣಕಾಲುದ್ದದ ಗಮ್‌ಬೂಟುಗಳನ್ನು ವೈದ್ಯರೂ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯೂ ಹೇಳುತ್ತ ಬಂದಿವೆ. ಕಬ್ಬಿನ ಕೆಲಸದವರೊಡನೆ ಈ ಬಗ್ಗೆ ಮಾತನಾಡಿದಾಗ ನಮಗೆ ದೊರೆತ ಉತ್ತರಗಳಲ್ಲಿ ಅಜ್ಞಾನವಿರಲಿಲ್ಲ. ನೀರು ಹಾಯಿಸಿದ ಎರೆಮಣ್ಣಿನಲ್ಲಿ ಬೂಟು ಹೂತು ಕಾಲು ಮಾತ್ರ ಹೊರಬರುತ್ತದೆ. ಬೆವರಿಗೆ ಒಳಗೆ ಹುಣ್ಣಾಗುತ್ತದೆ. ಹೆಂಗಸರ ಅಳತೆಯದು ಅಂಗಡಿಯಲ್ಲಿ ಇರುವುದಿಲ್ಲ. ಕಚ್ಚೆ ಹಾಕಿ ಸೀರೆಯನ್ನು ಮೇಲೆತ್ತಿ ಕಟ್ಟಿದ ಹೆಂಗಸಿನ ಮೀನಖಂಡ ಇಡೀ ದಿನ ರವದಿಯ ನಡುವೆ ಬಯಲಾಗಿರುತ್ತದೆ. ಬೂಟನ್ನು ವಿನ್ಯಾಸಗೊಳಿಸಿದವರು ಅವಳನ್ನು ನೆನೆದವರಲ್ಲ.

ಇದು ಹಟಮಾರಿ ಸಂಪ್ರದಾಯದ ಮಾತೂ ಅಲ್ಲ. ಹೊಸ ರಕ್ಷೆಯನ್ನು ಅವರೇ ಕಂಡುಕೊಂಡದ್ದು ಕಣ್ಣೆದುರಿಗಿದೆ. ಕಬ್ಬಿನ ಗರಿಯ ಗರಗಸದಂಚು ತೋಳನ್ನು ಕೊಯ್ಯದಿರಲೆಂದು ಕಬ್ಬು ಕಡಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿಯನ್ನು ತೊಡುತ್ತಾರೆ. ಯಾವ ಇಲಾಖೆಯೂ ಅದನ್ನು ಹಂಚಲಿಲ್ಲ, ಯಾವ ಶಿಬಿರವೂ ಕಲಿಸಲಿಲ್ಲ. ಹಳೆಯ ಜೀನ್ಸಿನ ಕಾಲನ್ನು ಕತ್ತರಿಸಿ ಹರಡಿನಿಂದ ಮೊಣಕಾಲಿನವರೆಗೆ ಲಾಡಿ ಕಟ್ಟಿದರೆ ಅದೇ ಬಗೆಯ ಉಡುಗೆಯಾಗುತ್ತದೆ. ಖರ್ಚಿಲ್ಲ, ಕಳಚಲೂ ಸುಲಭ, ಕೆಸರು ಹಿಡಿದರೆ ಒಗೆಯಬಹುದು. ಇಂಥ ಏನಾದರೂ ಈಗಾಗಲೇ ಎಲ್ಲಿಯಾದರೂ ರೂಢಿಯಲ್ಲಿದೆಯೆ, ಇದ್ದರೆ ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕನ್ನಡದಲ್ಲಿ ಕ್ಷೇತ್ರಕಾರ್ಯ ಮಾಡುವ ಸಂಶೋಧಕರು ತಮ್ಮ ಪ್ರಶ್ನಾವಳಿಗೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ. ತೋಳಿನ ಆ ಅಂಗಿಗೆ ಏನು ಹೆಸರೆಂದು ನಾವು ಕೇಳಿದ್ದುಂಟು. "ಶರ್ಟ್ ರೀ," ಎಂದಷ್ಟೇ ಹೇಳಿ ಆಕೆ ಕೊಯ್ತಾ ಎತ್ತಿಕೊಂಡಳು.